ಕಾವಲಿನ ಲೆಕ್ಕ

ಆನೆಗಳು ಮರಿಯನ್ನು ನಡುವೆ ಇರಿಸಿಕೊಂಡು ನಡೆಯುವುದು ಸಕ್ರೆಬೈಲಿನ ಬಿಡಾರವನ್ನು ಬಲ್ಲವರಿಗೆ ಹೊಸತಲ್ಲ. ಕಾಯುವವರು ಬಳಿಯಲ್ಲೇ ಇರಬೇಕೆಂಬ ಈ ಪಾಠವನ್ನು ಯುವಜನರು ಗಣಕಯಂತ್ರದಲ್ಲಿ ಕೂಡಿ ಆಡುವ ವೈಮಾನಿಕ ಯುದ್ಧದ ಆಟದಲ್ಲಿಯೂ ಎದುರಿಸುತ್ತಾರೆ. ಅಲ್ಲಿ ಕೆಲವರು ನಿಧಾನಗತಿಯ ಬಾಂಬರ್ ನಡೆಸಿದರೆ, ಮಿಕ್ಕವರು ಅದಕ್ಕೆ ಬೆಂಗಾವಲು. ಶತ್ರುವಿಮಾನ ಕಂಡೊಡನೆ ಬೆನ್ನಟ್ಟುವ ಆಸೆ ಮೂಡುತ್ತದೆ. ಕೆಡವಿದವನಿಗೆ ಅಂಕವೂ ಸಲ್ಲುತ್ತದೆ. ಆದರೆ ಬೆಂಗಾವಲು ದೂರ ಸರಿದ ಗಳಿಗೆಯಲ್ಲಿಯೇ ಬಾಂಬರ್ ಬೇರೊಬ್ಬನ ಗುಂಡಿಗೆ ಗುರಿಯಾಗಬಹುದು.

ಪ್ರಶ್ನೆ ಆಟದ್ದಷ್ಟೇ ಅಲ್ಲ: ಯಾರೂ ಲೆಕ್ಕವಿಡದ ಕರ್ತವ್ಯಕ್ಕೆ ಬೆಲೆಯುಂಟೇ?

1965ರ ಸೆಪ್ಟೆಂಬರ್ 7ರಂದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು ಸರ್ಗೋಧಾ ವಾಯುನೆಲೆಯ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳೊಡನೆ ಹಾರಿದರು. ಅವರು ಬೆಂಗಾವಲಿಗೆ ನೇಮಕಗೊಂಡವರಲ್ಲ, ಕಾದಿರಿಸಿದ ಪೈಲಟ್. ಮರಳುವಾಗ ತಮ್ಮದಕ್ಕಿಂತ ಬಹು ವೇಗದ ಸ್ಟಾರ್‌ಫೈಟರ್ ಎರಗಲು, ಅದರೊಡನೆ ಸೆಣಸಿ ಕೆಡವಿದರು, ತಾವು ಮರಳಲಿಲ್ಲ. ಆ ಕಾಳಗದ ಸಂಗತಿ ನಮ್ಮ ವಾಯುಪಡೆಗೆ ಬಹುಕಾಲ ತಿಳಿಯಲೇ ಇಲ್ಲ. ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ಬಳಿಕ.

ಆ ಮನ್ನಣೆ ಬಾರದೆ ಹೋಗಿದ್ದರೂ ಅವರ ತ್ಯಾಗದ ಬೆಲೆ ಕುಂದುತ್ತಿರಲಿಲ್ಲ. ಕಾವಲಿನ ಫಲ ಕಾಯುವವನ ಅಂಕಪಟ್ಟಿಯಲ್ಲಿಲ್ಲ. ಇತರರು ಕ್ಷೇಮವಾಗಿ ಮನೆ ಸೇರುವುದರಲ್ಲಿದೆ. ರೋಗಿಯ ಹಾಸಿಗೆಯ ಬಳಿ ರಾತ್ರಿಯಿಡೀ ಎಚ್ಚರವಿರುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.