ವಿರಾಟ್ ವಿಶ್ವವೂ ಮನುಷ್ಯನ ಕರ್ತವ್ಯವೂ

ಮುಂಬಯಿಯ ವರ್ಲಿಯಲ್ಲಿ 1977ರಲ್ಲಿ ಆರಂಭವಾದ ನೆಹರೂ ತಾರಾಲಯದ ಗುಮ್ಮಟದಡಿ ಗಗನದರ್ಶನ ಮಾಡಿ ಹೊರಬಂದವರಲ್ಲಿ ಹಲವರ ಉದ್ಗಾರ ಒಂದೇ: ‘ಇಷ್ಟು ದೊಡ್ಡ ಬ್ರಹ್ಮಾಂಡದಲ್ಲಿ ನಾವೆಷ್ಟರವರು!’ ಮಾತು ವಿನಯದ್ದೇ. ಆದರೆ ಲೋಕಲ್ ರೈಲು ಹತ್ತುವ ಹೊತ್ತಿಗೆ ಅದೇ ಮಾತು ‘ನಾವು ಮಾಡಿದರೇನು, ಬಿಟ್ಟರೇನು’ ಎಂಬ ನೆಪವಾಗುವುದುಂಟು. ಪಕ್ಕದ ಖೋಲಿಯಲ್ಲಿ ಹಾಸಿಗೆ ಹಿಡಿದ ವೃದ್ಧನಿಗೆ ಔಷಧಿ ತಂದುಕೊಡುವುದು ಕೋಟ್ಯಂತರ ನಕ್ಷತ್ರಗಳ ಎದುರು ಯಾವ ಲೆಕ್ಕ? ವಿಶ್ವದ ಅಗಾಧತೆಯು ಮನುಷ್ಯನನ್ನು ಕರ್ತವ್ಯದಿಂದ ಬಿಡುಗಡೆ ಮಾಡುತ್ತದೆಯೇ?

ನಮ್ಮ ಆಕಾಶಗಂಗೆಯನ್ನೇ ನೋಡೋಣ. ಅದು ಬರಿಯ ಸುರುಳಿಯಲ್ಲ. ಅದರ ನಡುವೆ ನಕ್ಷತ್ರಗಳ ನೀಳವಾದ ಪಟ್ಟಿಯೊಂದಿದೆ. ಸ್ಪಿಟ್ಜರ್ ದೂರದರ್ಶಕದ ಅವಲೋಕನಗಳು 2005ರಲ್ಲಿ ಇದನ್ನು ದೃಢಪಡಿಸಿದವು. (ವಾಸವಿರುವ ಮನೆಯ ಆಕಾರ ತಿಳಿಯಲು ಇಷ್ಟು ಕಾಲ ಬೇಕಾಯಿತು!) ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆಯ ಆಂಡ್ರೊಮಿಡಾ, ಅಂದರೆ ದೇವಯಾನಿ, ಅದರ ಹಿರಿಯ ನೆರೆಯವಳು. ತ್ರಿಕೋಣ ಗೆಲಾಕ್ಸಿ, ಮೆಗೆಲ್ಲನ್ ಮೋಡಗಳು, ಇನ್ನೂ ಹತ್ತಾರು ಕುಬ್ಜ ಗೆಲಾಕ್ಸಿಗಳು ಸೇರಿ ಒಂದು ನೆರೆಹೊರೆ. ನವರಾತ್ರಿಯ ಮೊದಲ ದಿನಗಳಲ್ಲಿ, ಚಂದ್ರ ಮುಳುಗಿದ ಮೇಲೆ, ನಗರದ ದೀಪಗಳಿಂದ ದೂರ ಹೋದವರಿಗೆ ಉತ್ತರಾಭಾದ್ರಾ ನಕ್ಷತ್ರದ ಈಶಾನ್ಯಕ್ಕೆ ದೇವಯಾನಿ ಮಸುಕು ಮಚ್ಚೆಯಂತೆ ಬರಿಗಣ್ಣಿಗೇ ಕಾಣುತ್ತದೆ. ಆ ಬೆಳಕು ಹೊರಟಾಗ ಇಂದಿನ ಮಾನವಕುಲವೇ ಹುಟ್ಟಿರಲಿಲ್ಲ.

ದೇವಯಾನಿ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ. ಸುಮಾರು 400 ಕೋಟಿ ವರ್ಷಗಳಲ್ಲಿ ಎರಡೂ ಢಿಕ್ಕಿಯಾಗುವುದು ನಿಶ್ಚಿತವೆಂದು 2012ರಲ್ಲಿ ಸಾರಲಾಗಿತ್ತು. 2025ರಲ್ಲಿ ಪ್ರಕಟವಾದ ಗಣನೆ ಆ ನಿಶ್ಚಯವನ್ನು ಸಡಿಲಿಸಿತು: ಮುಂದಿನ 1000 ಕೋಟಿ ವರ್ಷಗಳಲ್ಲಿ ಅವು ಒಂದಾಗುವ ಸಂಭವ ಸುಮಾರು ಅರ್ಧಕ್ಕರ್ಧ ಮಾತ್ರ. ಅಳತೆಗಳ ಅನಿಶ್ಚಿತತೆಯೊಡನೆ ಕಿರಿಯ ನೆರೆಯವರ ಸೆಳೆತವನ್ನೂ ಈ ಸಲ ಎಣಿಸಲಾಗಿತ್ತು. ತ್ರಿಕೋಣ ಗೆಲಾಕ್ಸಿಯ ಸೆಳೆತ ಸಂಗಮದ ಸಂಭವವನ್ನು ಹೆಚ್ಚಿಸಿದರೆ, ದೊಡ್ಡ ಮೆಗೆಲ್ಲನ್ ಮೋಡದ ಸೆಳೆತ ತಗ್ಗಿಸುತ್ತದೆ. ಎರಡೂ ಗಾತ್ರದಲ್ಲಿ ನಮ್ಮ ಆಕಾಶಗಂಗೆಗಿಂತ ಎಷ್ಟೋ ಕಿರಿಯವು! ಲೆಡ್ಜರಿನಲ್ಲಿ ಹತ್ತು ಪೈಸೆ ತಪ್ಪಿದರೂ ಸಂಜೆ ಲಕ್ಷದ ಮೊತ್ತ ತಾಳೆಯಾಗದು. ಗುಮಾಸ್ತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹಾಗಿರುವಾಗ ‘ನಾವೆಷ್ಟರವರು’ ಎಂದು ಕೈಚೆಲ್ಲುವುದು ವಿನಯವಲ್ಲ, ಆಲಸ್ಯವೇ ಸರಿ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನನೂ ವಿಶ್ವರೂಪ ಕಂಡು ನಡುಗಿದನು. ಪರಿಚಿತ ರೂಪವನ್ನೇ ತೋರೆಂದು ಬೇಡಿದನು. ಭಗವಂತನು ಆ ಸೌಮ್ಯರೂಪವನ್ನು ತೋರಿದನು, ಸಂತೈಸಿದನು. ಆದರೆ ಕರ್ತವ್ಯದಿಂದ ಬಿಡುಗಡೆ ಕೊಡಲಿಲ್ಲ. ರಥವು ಎರಡು ಸೇನೆಗಳ ನಡುವೆಯೇ ನಿಂತಿತ್ತು.