ಹೊಸ ಬಾಕ್ಸ್ ಬೇಕಾ?

ಇವತ್ತು ಒಂದು ಚಿಕ್ಕ ಪ್ರಶ್ನೆ. ನಮ್ಮ ಹಾಲ್‌ನ ಟಿವಿಗೆ ಹೊಸ ಸ್ಟ್ರೀಮಿಂಗ್ ಬಾಕ್ಸ್ ತಗೋಬೇಕಾ, ಬೇಡ್ವಾ? ಹಳೇದು ನಿಧಾನ, ಆ್ಯಪ್ ತೆರೆಯೋಕೆ ಅರ್ಧ ನಿಮಿಷ ಬೇಕು. ಮಕ್ಕಳು ಕೇಳ್ತಾ ಇದ್ದಾರೆ. ದುಡ್ಡೂ ಇದೆ.

ಆದರೆ ದುಡ್ಡಿದೆ ಅನ್ನೋದು ಒಂದು ಕಾರಣ ಅಲ್ಲ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿದ್ರೆ, ಆ್ಯಪ್‌ಗಳು ಓಡದೇ ಹೋದ್ರೆ, ಅದು ಕಾರಣ. 2013ರಲ್ಲಿ ಬಂದ ಮೊದಲ ಕ್ರೋಮ್‌ಕಾಸ್ಟ್‌ಗೆ ಗೂಗಲ್ ಬೆಂಬಲ ನಿಲ್ಲಿಸಿದ್ದು 2023ರಲ್ಲಿ. ಹತ್ತು ವರ್ಷ! ನಮ್ಮದು ಇನ್ನೂ ಓಡ್ತಿದೆ.

ಇದಕ್ಕಿಂತ ದೊಡ್ಡ ವಿಷಯ ನಮ್ಮ ಸಮಯದ್ದು. ನೆಟ್‌ಫ್ಲಿಕ್ಸ್ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ 2017ರಲ್ಲಿ, ತಮ್ಮ ಪೈಪೋಟಿ ಜನರ ನಿದ್ದೆಯ ಜೊತೆ ಅಂತ ಹೇಳಿದ್ರು. ಒಂದು ಎಪಿಸೋಡ್ ಮುಗಿದ ಕೂಡಲೇ ಮುಂದಿನದು ತಾನಾಗೇ ಶುರುವಾಗುತ್ತೆ. 'ಸಾಕು' ಅನ್ನೋಕೆ ನಮಗೆ ಬಿಡುವೇ ಇರೋದಿಲ್ಲ. ಹಾಗಿರುವಾಗ ಹೊಸ ಬಾಕ್ಸ್ ಉಳಿಸೋ ಅರ್ಧ ನಿಮಿಷ ಯಾರ ಪಾಲಿಗೆ ಹೋಗುತ್ತೆ? ಯೋಚಿಸಿ.

ಹಾಗಂತ ಬಾಕ್ಸ್ ಪಾಪದ ವಸ್ತು ಅಲ್ಲ. ಹೊರಗೆ ಹೋಗಲಾಗದ ಅಜ್ಜಿ ಭಾನುವಾರದ ಆರಾಧನೆ ನೋಡೋದೂ ಅದರಲ್ಲೇ. ಅವರಿಗೆ ಅದು ನಿಂತುಹೋದ್ರೆ ಅದೇ ದಿನ ಹೊಸದು ತರೋಣ.

ಈಗ ನಾನು ಮಾಡಿರೋ ತೀರ್ಮಾನ ಇಷ್ಟೇ: ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಆಫ್. ಮೂರು ತಿಂಗಳು ಹೀಗೇ ನಡೀಲಿ. ಮುಂದಿನ ಎಪಿಸೋಡ್ ಬೇಕಿದ್ರೆ ನಾವೇ ಬಟನ್ ಒತ್ತಬೇಕು. ಒತ್ತದೇ ಎದ್ದು ಹೋಗೋದನ್ನು ನಮ್ಮ ಮನೆ ಕಲಿತರೆ, ಆಮೇಲೆ ಹೊಸ ಬಾಕ್ಸಿನ ಮಾತು. ಈ ವಾರ ನಿಮ್ಮ ಮನೆಯಲ್ಲೂ ಒಟ್ಟಿಗೆ ಕೂತು ಮಾತಾಡಿ.