ಕೊಂಡು ತಂದ ಹಸಿರು, ಕರೆಯದೆ ಬಂದ ಹಸಿರು

ಠಾಣೆ, ಕಲ್ಯಾಣ, ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಗಿಡ ನೆಟ್ಟ ಮೀನಿನ ತೊಟ್ಟಿ ಇಟ್ಟುಕೊಂಡವರಿಗೆ ಎರಡು ಹಸಿರುಗಳ ಜೊತೆ ವ್ಯವಹಾರ. ಒಂದನ್ನು ಭಾನುವಾರ ಬೆಳಗಿನ ಲೋಕಲ್ ಹಿಡಿದು ಕುರ್ಲಾದ ಮೀನು ಬಜಾರಿಗೆ ಹೋಗಿ, ಚೌಕಾಸಿ ಮಾಡಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ತರಬೇಕು. ಇನ್ನೊಂದು ತಾನೇ ಬರುತ್ತದೆ. ಮೊದಲನೆಯದಕ್ಕೆ ಗೊಬ್ಬರ, ಎಲ್‌ಇಡಿ ದೀಪ, ಕೈ ಸ್ವಲ್ಪ ಸಡಿಲ ಇದ್ದವರ ಮನೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ. ಎರಡನೆಯದಕ್ಕೆ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚು. ಗಾಜು ಕೆರೆಯಲು ಅದಕ್ಕಿಂತ ಒಳ್ಳೆಯ ಸಾಧನವನ್ನು ನಾನಂತೂ ಕಂಡಿಲ್ಲ.

ಗಿಡ ಆರಿಸುವುದು ಮೀನು ಆರಿಸಿದ ಹಾಗಲ್ಲ. ಸತ್ತ ಮೀನು ತೇಲುತ್ತದೆ, ಗೊತ್ತಾಗುತ್ತದೆ. ಗಿಡ ಸಾಯಲು ವಾರಗಟ್ಟಲೆ ಸಮಯ ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ಚೆನ್ನಾಗಿಯೇ ಕಾಣುತ್ತದೆ. ಈ ಗುಣವನ್ನು ನಂಬಿಯೇ ಕೆಲವು ಅಂಗಡಿಗಳು ಡ್ರಸೀನಾ, ಲಕ್ಕಿ ಬ್ಯಾಂಬೂ ಮುಂತಾದ ನೆಲದ ಗಿಡಗಳನ್ನು ನೀರಿನ ಗಿಡಗಳೆಂದು ಮಾರುತ್ತವೆ. ಹೊಸಬರಿಗೆ ನನ್ನ ಶಿಫಾರಸು ಹೈಡ್ರಿಲ್ಲ, ವ್ಯಾಲಿಸ್ನೇರಿಯ, ಅಂಬುಲಿಯ: ಅಗ್ಗ, ಬೇಗ ಬೆಳೆಯುವಂಥವು. ನೀರಿನಲ್ಲಿರುವ ನೈಟ್ರೇಟು, ಫಾಸ್ಫೇಟುಗಳನ್ನು ಪಾಚಿಗಿಂತ ಮೊದಲೇ ಇವು ಉಂಡು ಮುಗಿಸುತ್ತವೆ. ತೊಟ್ಟಿ ಹದಕ್ಕೆ ಬಂದ ಮೇಲೆ ನಿಧಾನಸ್ಥ ಅನುಬಿಯಾಸ್, ಜಾವಾ ಫರ್ನ್. ಅವುಗಳ ಗಡ್ಡೆಯನ್ನು ಮರಳಲ್ಲಿ ಹೂಳಬಾರದು, ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟಬೇಕು.

ಕುಂದಾಪುರದಿಂದ ಬಂದಿದ್ದ ಅಕ್ಕ ನನ್ನ ಅಂಬುಲಿಯದ ಪೊದೆಯನ್ನು ನೋಡಿ, “ಎಂತ ಮಾರಾಯಾ ಇದ್, ಗದ್ದಿ ಕಳಿ ಅಲ್ದಾ? ದುಡ್ಡ್ ಕೊಟ್ಟ್ ತಂದದ್ದಾ?” ಎಂದಳು. ಅವಳು ಹೇಳಿದ್ದು ಸರಿಯೇ. ಅಂಬುಲಿಯ, ರೊಟಾಲ ಎರಡೂ ಭತ್ತದ ಗದ್ದೆಯ ಕಳೆಗಳ ಕುಲದವು. ಹೆಂಗಸರು ಸೊಂಟ ಬಗ್ಗಿಸಿ ಕಿತ್ತೆಸೆಯುವುದನ್ನು ನಾವು ಚಿಮಟಿಯಲ್ಲಿ ಹಿಡಿದು ಒಂದೊಂದೇ ಕಡ್ಡಿಯಾಗಿ ನಾಟಿ ಮಾಡುತ್ತೇವೆ. ಇನ್ನು ಹೈಡ್ರಿಲ್ಲ. ಹೈಸ್ಕೂಲಿನಲ್ಲಿ ಆಲಿಕೆಯನ್ನು ಬೋರಲು ಹಾಕಿ, ಮೇಲೆ ಪ್ರನಾಳ ಇಟ್ಟು ಗುಳ್ಳೆ ಎಣಿಸಿದವರಿಗೆಲ್ಲ ಅದರ ಪರಿಚಯ ಉಂಟು. ಜಗದೀಶಚಂದ್ರ ಬೋಸರು ಇದೇ ಗಿಡದ ಗುಳ್ಳೆಗಳನ್ನು ಅಳೆಯಲು ಯಂತ್ರ ಕಟ್ಟಿದ್ದರು. ಚಳಿಗಾಲದ ಹೈಡ್ರಿಲ್ಲವೂ ಬೇಸಗೆಯ ಹೈಡ್ರಿಲ್ಲವೂ ಇಂಗಾಲವನ್ನು ಒಂದೇ ರೀತಿ ಹಿಡಿಯುವುದಿಲ್ಲ ಎಂಬ ಸುಳಿವು 1924ರ ಅವರ ಪುಸ್ತಕದಲ್ಲಿದೆ. ನೀರು ಬಿಸಿಯಾಗಿ ಇಂಗಾಲ ವಿರಳವಾದಾಗ ಗಿಡ ತನ್ನೊಳಗಿನ ರಸಾಯನವನ್ನೇ ಬದಲಿಸಿಕೊಳ್ಳುತ್ತದೆ ಎಂದು ದಶಕಗಳ ನಂತರ ಬೇರೆಯವರು ಖಚಿತಪಡಿಸಿದರು. ಬಜಾರಿನಲ್ಲಿ ಎಲ್ಲಕ್ಕಿಂತ ಅಗ್ಗದ ಕಟ್ಟು ಇದು.

ನನ್ನನ್ನು ಹೆಚ್ಚು ಹೊತ್ತು ತೊಟ್ಟಿಯ ಮುಂದೆ ಕೂರಿಸಿದ್ದು ಮಾತ್ರ ಅಂಗಡಿಯವರು ಕ್ರಿಪ್ಟ್ ಎನ್ನುವ ಕ್ರಿಪ್ಟೊಕೊರೈನ್. ನರ್ಸರಿಯಲ್ಲಿ ಇದನ್ನು ಬೆಳೆಸುವುದು ಸಾಮಾನ್ಯವಾಗಿ ನೀರಿನ ಹೊರಗೆ, ತೇವದ ಗಾಳಿಯಲ್ಲಿ. ತಂದು ತೊಟ್ಟಿಯಲ್ಲಿ ನೆಟ್ಟ ಕೆಲವೇ ದಿನಗಳಲ್ಲಿ ಎಲೆಯೆಲ್ಲ ಕರಗಿ ಲೋಳೆಯಾಗುತ್ತದೆ. ಹೆಚ್ಚಿನವರು ಆಗಲೇ ಕಿತ್ತು ಕಸದ ಬುಟ್ಟಿಗೆ ಹಾಕುತ್ತಾರೆ. ಹಾಕಬಾರದು. ಬೇರು ಸತ್ತಿರುವುದಿಲ್ಲ. ಗಾಳಿಗಾಗಿ ಮಾಡಿಕೊಂಡ ದಪ್ಪ ಎಲೆ ನೀರಿನಲ್ಲಿ ಕೆಲಸಕ್ಕೆ ಬಾರದು. ಅದನ್ನು ಬಿಟ್ಟುಕೊಟ್ಟು ತೆಳ್ಳಗಿನ, ಮೇಣದ ಹೊದಿಕೆ ಇದ್ದೂ ಇಲ್ಲದಂಥ, ನೀರಿನಿಂದಲೇ ಉಸಿರು ಹೀರುವ ಬೇರೆ ಎಲೆಗಳನ್ನು ಗಿಡ ಹೊಸದಾಗಿ ಹೊರಡಿಸುತ್ತದೆ. ಅದೇ ಬೇರು, ಅದೇ ಜೀವ, ಎಲೆ ಮಾತ್ರ ಗುರುತು ಸಿಗದಷ್ಟು ಬೇರೆ. ನಮ್ಮ ಸಹ್ಯಾದ್ರಿಯ ಹೊಳೆಗಳಲ್ಲೂ ಈ ಕುಲದ ಗಿಡಗಳಿವೆ. ಮಳೆಗಾಲವಿಡೀ ಕಲ್ಲಿನ ಸಂದಿಯಲ್ಲಿ ಗಡ್ಡೆ ಊರಿಕೊಂಡು ನೆರೆಯ ಅಡಿಯಲ್ಲಿರುತ್ತವೆ, ನೀರು ಇಳಿದ ಮೇಲೆ ಹೂ ಬಿಡುತ್ತವೆ. ಡೊಂಬಿವಲಿಯ ನಲ್ಲಿಗೆ ಬರುವ ಉಲ್ಹಾಸ್-ಬಾರವಿ ನೀರೂ ನವಿ ಮುಂಬೈಯ ಮೊರ್ಬೆ ನೀರೂ ಅದೇ ಸಹ್ಯಾದ್ರಿಯ ಮಳೆ. ಕ್ಲೋರಿನ್ ತೆಗೆದುಬಿಟ್ಟರೆ ಗಿಡಕ್ಕೆ ತವರಿನ ನೀರೇ.

ಇನ್ನು ಕರೆಯದೆ ಬಂದದ್ದು. ಹೊಸ ತೊಟ್ಟಿಯಲ್ಲಿ ಮೊದಲು ಕಾಣುವುದು ಕಂದು ಪುಡಿ. ಅವು ಡಯಾಟಮ್‌ಗಳು, ಒಂದೊಂದೂ ಸಿಲಿಕಾದಿಂದ, ಎಂದರೆ ಗಾಜಿನದೇ ದ್ರವ್ಯದಿಂದ, ಕೆತ್ತನೆಯ ಡಬ್ಬಿ ಮಾಡಿಕೊಂಡು ಅದರೊಳಗೆ ಬದುಕುತ್ತದೆ. ಬರಿಗಣ್ಣಿಗೆ ಕೊಳೆ, ಸೂಕ್ಷ್ಮದರ್ಶಕಕ್ಕೆ ಜಾಲಂಧ್ರ. ಜಗತ್ತಿನಲ್ಲಿ ಹುಟ್ಟುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಇವುಗಳದೇ ದುಡಿಮೆ. ಎಲೆಯಂಚಿನಲ್ಲಿ ಬರುವ ಕಪ್ಪು ಗಡ್ಡದಂಥ ಪಾಚಿ ಕಪ್ಪೂ ಅಲ್ಲ, ಹಸಿರೂ ಅಲ್ಲ, ಕೆಂಪು ಪಾಚಿಯ ವಂಶ. ಸ್ಪಿರಿಟ್ಟಿನಲ್ಲಿ ಅದ್ದಿಟ್ಟರೆ ನಿಜಬಣ್ಣ ಹೊರಬೀಳುತ್ತದೆ. ಅಡುಗೆಮನೆಯ ಚೈನಾಗ್ರಾಸ್ ಅದರ ದೂರದ ಬಂಧು.

ಮರಳಿನ ಮೇಲೆ ಚಾದರದ ಹಾಗೆ ಹರಡಿ, ಎತ್ತಿದರೆ ಕೆಟ್ಟ ವಾಸನೆ ಬೀರುವ ನೀಲಿಹಸಿರು ಪದರವೊಂದಿದೆ. ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಸೇರತೊಡಗಿದ್ದು ಇದರ ಪೂರ್ವಜರಿಂದ. ಆಮೇಲೊಮ್ಮೆ, 100 ಕೋಟಿ ವರ್ಷಕ್ಕೂ ಹಿಂದೆ, ಇನ್ನೊಂದು ಜೀವಕೋಶ ಇವುಗಳಲ್ಲೊಂದನ್ನು ನುಂಗಿತು. ಅರಗಿಸಿಕೊಳ್ಳದೆ ಒಳಗೇ ಇಟ್ಟುಕೊಂಡಿತು. ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಪ್ಲಾಸ್ಟ್ ಆ ಒಕ್ಕಲಿನ ಸಂತತಿ. ಇವತ್ತಿಗೂ ಅದಕ್ಕೆ ಬೇರೆಯೇ ಡಿಎನ್‌ಎ ಇದೆ, ತನ್ನಷ್ಟಕ್ಕೆ ತಾನು ಎರಡಾಗುತ್ತದೆ. ಎಂದರೆ, ಕುರ್ಲಾದಿಂದ ಜೋಪಾನವಾಗಿ ತಂದ ಕ್ರಿಪ್ಟಿನ ಪ್ರತಿ ಎಲೆಯೊಳಗೂ, ನಾನು ಪೈಪು ಹಾಕಿ ಹೀರಿ ಹೊರಚೆಲ್ಲುವ ಆ ಪದರದ ದಾಯಾದಿಗಳೇ ಕೂತು ಸಂಸಾರ ನಡೆಸುತ್ತಿದ್ದಾರೆ. ಒಳಗೆ ಬಂದದ್ದಕ್ಕೆ ಗೊಬ್ಬರ, ಹೊರಗುಳಿದದ್ದಕ್ಕೆ ಎಟಿಎಂ ಕಾರ್ಡು. ಕೈಯಲ್ಲಿ ಕಾರ್ಡು ಹಿಡಿದು ಇದನ್ನು ಯೋಚಿಸಿದಾಗಲೆಲ್ಲ ನನಗೆ ತಲೆ ಸ್ವಲ್ಪ ತಿರುಗುತ್ತದೆ.

ಗಾಜಿನ ಮೇಲಿನ ಈ ಕೊಳೆಯನ್ನು ಹಿಂದಿನವರು ಇಷ್ಟು ಅವಸರದಲ್ಲಿ ಒರೆಸಿಬಿಡಲಿಲ್ಲ. ಜೋಸೆಫ್ ಪ್ರೀಸ್ಟ್ಲಿ 1770ರ ದಶಕದ ಕೊನೆಯಲ್ಲಿ ತನ್ನ ಜಾಡಿಗಳ ಒಳಗೋಡೆಗೆ ಹಸಿರೇನೋ ಅಂಟಿದ್ದನ್ನೂ ಬಿಸಿಲಿಗೆ ಅದು ಶುದ್ಧ ಗಾಳಿಯ ಗುಳ್ಳೆ ಬಿಡುವುದನ್ನೂ ಗಮನಿಸಿ ಬರೆದಿಟ್ಟ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ನೀರು ಬದಲಿಸದೆಯೇ ಗೋಲ್ಡ್‌ಫಿಶ್ ಬದುಕಬಲ್ಲ ತೊಟ್ಟಿಯ ವಿವರ ಪ್ರಕಟಿಸಿದ. ಗಿಡ ಯಾವುದು? ವ್ಯಾಲಿಸ್ನೇರಿಯ. ಬಂದ ತೊಂದರೆ ಯಾವುದು? ಕೊಳೆತ ಎಲೆ ಮತ್ತು ಗಾಜಿಗೆ ಹತ್ತಿದ ಹಸಿರು ಲೋಳೆ. ಪರಿಹಾರ? ಕೆರೆಯ ಬಸವನಹುಳು. ನೂರೆಪ್ಪತ್ತು ವರ್ಷ ಕಳೆದರೂ ಈ ಮೂರು ಉತ್ತರಗಳಲ್ಲಿ ಒಂದೂ ಬದಲಾಗಿಲ್ಲ.

ನಮ್ಮ ಮನೆಗಳಿಂದ ಅರ್ಧ ಗಂಟೆ ದೂರದ ಠಾಣೆ ಖಾಡಿಯಲ್ಲಿ ಇದೇ ಲೋಳೆಯ ಬೆಲೆ ಬೇರೆ. 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾದ, 2022ರಲ್ಲಿ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಜಾಗ ಅದು. ಐರೋಲಿಯಿಂದ ದೋಣಿಯಲ್ಲಿ ಹೋದರೆ ಕೆಸರಿನಲ್ಲಿ ಕೊಕ್ಕನ್ನು ತಲೆಕೆಳಗಾಗಿ ಇಟ್ಟು ಸೋಸುವ ಸಾವಿರಾರು ಹಕ್ಕಿಗಳು ಕಾಣುತ್ತವೆ. ಅವುಗಳಲ್ಲಿ ಚಿಕ್ಕ ಜಾತಿಯದು ಮುಖ್ಯವಾಗಿ ತಿನ್ನುವುದು ಸಯನೋಬ್ಯಾಕ್ಟೀರಿಯ ಮತ್ತು ಡಯಾಟಮ್. ಆ ಗುಲಾಬಿ ಬಣ್ಣವೂ ಆಹಾರದಿಂದಲೇ ಬರುವಂಥದು. ನಗರದ ಕೊಳಚೆ ಹೊತ್ತು ತರುವ ಪೋಷಕಾಂಶಗಳೇ ಈ ಮೇವನ್ನು ಬೆಳೆಸುತ್ತಿವೆ ಎಂದು ಪಕ್ಷಿತಜ್ಞರು ಹೇಳುತ್ತಾರೆ. ಕೊಳಚೆಗೆ ಇದರಿಂದ ಪುಣ್ಯ ಬಂತು ಎಂದೇನೂ ನಾನು ಒಪ್ಪುವುದಿಲ್ಲ. ಕಲ್ಯಾಣದ ಹತ್ತಿರ ಉಲ್ಹಾಸ್ ನದಿ ಜಲಪರ್ಣಿ ಎಂಬ ತೇಲುವ ಕಳೆಯನ್ನು ಹೊದ್ದುಕೊಳ್ಳುವುದಕ್ಕೂ ಅದೇ ಕೊಳಚೆ ಕಾರಣ.

ತೊಟ್ಟಿಯ ಲೆಕ್ಕವೂ ಹೀಗೆಯೇ. ಪಾಚಿಗೆ ಬೇಕಾದ್ದು ಗಿಡಕ್ಕೂ ಬೇಕು: ಬೆಳಕು, ಸಾರ, ಇಂಗಾಲ. ಮೀನಿಗೆ ಹಾಕಿದ ಕಾಳು ತಳದಲ್ಲಿ ಉಳಿದರೆ, ಪಡುವಣ ಬಾಲ್ಕನಿಯ ಬಿಸಿಲು ಬಿದ್ದರೆ, ದೀಪ ರಾತ್ರಿ ಹನ್ನೊಂದರವರೆಗೂ ಉರಿದರೆ, ಮಿಕ್ಕಿದ್ದೆಲ್ಲ ಪಾಚಿಯ ಪಾಲು. ದೀಪಕ್ಕೆ ಟೈಮರ್ ಹಾಕಿ ಆರರಿಂದ ಎಂಟು ಗಂಟೆಗೆ ಮಿತಿಗೊಳಿಸಿ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಹಾಕಿದರೆ ಮುಕ್ಕಾಲು ಕೆಲಸ ಆಯಿತು. ಪಾಚಿನಾಶಕದ ಬಾಟಲಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ತಾಮ್ರ ಇರುವಂಥವು ಸಿಗಡಿ, ಬಸವನಹುಳುಗಳನ್ನೇ ಮೊದಲು ಕೊಲ್ಲುತ್ತವೆ. “ಪಾಚಿ ತಿನ್ನುತ್ತದೆ” ಎಂದು ಅಂಗಡಿಯವರು ಕೈಗಿಡುವ ಬೆರಳುದ್ದದ ಸಕರ್ ಮೀನೂ ಬೇಡ. ಅಡಿಯುದ್ದ ಮೀರಿ ಬೆಳೆಯುತ್ತದೆ. ಆಮೇಲೆ ಜನ ಅದನ್ನು ಕೆರೆಗೆ ಬಿಡುತ್ತಾರೆ, ಕೆರೆಯಲ್ಲಿ ಅದು ಇನ್ನೊಂದು ಪೀಡೆ.

ನಾನು ಮುಂದಿನ ಗಾಜನ್ನು ಮಾತ್ರ ಕೆರೆಯುತ್ತೇನೆ. ಹಿಂದಿನ ಗಾಜು, ಎಡಬದಿಯ ಗಾಜು ಪಾಚಿಗೇ ಬಿಟ್ಟದ್ದು. ನೋಡಲು ಬಂದವರು ಇದೇನು ಸೋಮಾರಿತನ ಎನ್ನುತ್ತಾರೆ. ನೆರೈಟ್ ಬಸವನಹುಳುಗಳು ಹಗಲೂ ರಾತ್ರಿಯೂ ಅಲ್ಲೇ ಮೇಯುತ್ತಿರುತ್ತವೆ. ಅದನ್ನೂ ಉಜ್ಜಿಬಿಟ್ಟರೆ ಅವಕ್ಕೆ ನಾನು ಸೌತೆಕಾಯಿ ಹೆಚ್ಚಿ ಹಾಕಬೇಕಾಗುತ್ತದೆ.